ಎರಡು ಬೆರಳು ದೊಡ್ಡ ಬೂಟು

ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಟೀವಿಯ ಪಕ್ಕಕ್ಕೆ, ಒಂದು ಜೊತೆ ಬೂಟುಗಳಿವೆ. ಹಾಕಿಕೊಂಡರೆ ಮೀನಖಂಡದವರೆಗೆ ಬರುತ್ತವೆ. ಒಳಗೆ ಕಂಬಳಿಯಂಥ ದಪ್ಪ ಅಸ್ತರು. ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗುವ ಊರಿನಲ್ಲಿ ಇವು ಯಾಕೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಹಾಲು ತರುವ ಶಿವಪ್ಪನಿಗೆ, ನ್ಯೂಜಿಲೆಂಡಿನಲ್ಲಿ ಹಿಮಕರಡಿ ಹಿಡಿಯಲು ಕರೆಸಿದ್ದರು ಎಂದೆ. ನಂಬಿದ. ಪಕ್ಕದ ಮನೆಯ ನಿವೃತ್ತ ತಹಸೀಲ್ದಾರರಿಗೆ, ಅಲ್ಲಿನ ಸರಕಾರ ಮಾಡಿದ ಸನ್ಮಾನ ಎಂದೆ. ಅವರೂ ನಂಬಿದರು, ಜೊತೆಗೆ ಸ್ವಲ್ಪ ಹೊಟ್ಟೆ ಉರಿದುಕೊಂಡರು. ನಿಜ ಸಂಗತಿಯನ್ನು ಇವತ್ತು ಬರೆದುಬಿಡುತ್ತೇನೆ. ಯಾಕೆಂದರೆ ಈ ಒಂದು ಸಲ ಮಾತ್ರ ನಿಜವೇ ನನ್ನ ಸುಳ್ಳಿಗಿಂತ ಚೆನ್ನಾಗಿದೆ.

ವಿಮಾನ ನಿಲ್ದಾಣ

ನನ್ನ ಮಗಳು ಸವಿತಾ ಕ್ರೈಸ್ಟ್‌ಚರ್ಚಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮಗಳು ಮಲ್ಲಿಕಾಗೆ ನಾಲ್ಕು ವರ್ಷ. ಕಾರಹುಣ್ಣಿಮೆ ಮುಗಿಸಿಕೊಂಡು ನಾನೂ ನನ್ನ ಹೆಂಡತಿ ಗೌರವ್ವನೂ ಅವರಲ್ಲಿಗೆ ಹೊರಟೆವು. ಇಲ್ಲಿ ಜನ ಮುಗಿಲು ನೋಡುತ್ತ ಮಳೆಗೆ ಕಾಯುವ ಹೊತ್ತು, ಅಲ್ಲಿ ನಡುಚಳಿಗಾಲ.

"ಅಲ್ಲಿ ಥಂಡಿ ಭಾಳ ಐತಂತ. ಬೂಟ್ ಹಾಕ್ಕೋರಿ" ಎಂದಳು ಗೌರವ್ವ.

"ಮೂವತ್ತು ವರ್ಷ ಡ್ರಿಲ್ ಮಾಸ್ತರಕಿ ಮಾಡಿದ ಕಾಲು ಇವು. ಥಂಡೀನ ಇವನ್ನ ನೋಡಿ ಅಂಜಬೇಕು" ಎಂದು ನಾನು ಅಥಣಿಯ ಚಪ್ಪಲಿ ಮೆಟ್ಟಿಕೊಂಡೇ ವಿಮಾನ ಹತ್ತಿದೆ.

ಆ ದೇಶದವರಿಗೆ ಬೇರೆಯವರ ಮಣ್ಣಿನ ಮೇಲೆ ಬಹಳ ಅನುಮಾನ. ಮನುಷ್ಯನನ್ನು ಬೇಕಾದರೆ ಒಳಗೆ ಬಿಟ್ಟಾರು, ಅವನ ಅಂಗಾಲಿನ ಮಣ್ಣನ್ನು ಬಿಡರು. ಕ್ರೈಸ್ಟ್‌ಚರ್ಚಿನಲ್ಲಿ ಇಳಿದಾಗ ಅಧಿಕಾರಿಣಿಯೊಬ್ಬಳು ನನ್ನ ಚಪ್ಪಲಿಯ ಅಡಿ ನೋಡಿದಳು, ನನ್ನ ಮುಖ ನೋಡಿದಳು, ಒಂದು ಟ್ರೇ ತಂದು ಚಪ್ಪಲಿಗಳನ್ನು ಅದರಲ್ಲಿಟ್ಟು ಒಳಗೆ ಒಯ್ದಳು. ನಾನು ಬರಿಗಾಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಅವು ತಿಕ್ಕಿ ತೊಳೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಕುಳಿತು ವಾಪಸು ಬಂದವು. ಆಕೆ ಎರಡೂ ಕೈಯಿಂದ ಕೊಟ್ಟಳು.

"ನೋಡಿದೇನ? ಲಗ್ನದಾಗ ನಿಮ್ಮಪ್ಪ ನನ್ನ ಕಾಲಷ್ಟ ತೊಳದಿದ್ದ. ಇಲ್ಲಿ ಸರಕಾರ ಚಪ್ಪಲೀನೂ ತೊಳದು ಕೊಟ್ಟೈತಿ."

"ಹೇಸಿ ತೊಳದಾರ್ರೀ. ಮರ್ಯಾದಿಗೆ ಅಲ್ಲ" ಎಂದಳು ಗೌರವ್ವ.

ನಾನು ನಗಾಡಿದೆ. ಆದರೆ ಕಾರಿನಲ್ಲಿ ಕುಳಿತ ಮೇಲೆ, ನಮ್ಮ ಶಾಲೆಯ ಮೈದಾನದ ಕೆಂಪು ಮಣ್ಣು ಅವರ ಗಟಾರಿನಲ್ಲಿ ಹರಿದು ಹೋಯಿತಲ್ಲ ಎಂದು ಯಾಕೋ ಕಸಿವಿಸಿಯಾಯಿತು. ನಿವೃತ್ತನಾದ ಮೇಲೂ ನಾನು ದಿನಾ ಬೆಳಗ್ಗೆ ಆ ಮೈದಾನವನ್ನು ಒಂದು ಸುತ್ತು ಹಾಕಿ ಬರುವವನು. ಇನ್ನು ಕೆಲವು ತಿಂಗಳು ಅಂಟಿಸಿಕೊಳ್ಳಲು ಅದು ಸಿಗುವುದಿಲ್ಲ.

ಮಕ್ಕಳ ಅಂಗಳ

ಮಲ್ಲಿಕಾ ಹೋಗುವ ಶಿಶುವಿಹಾರದಲ್ಲಿ ಒಂದು ಪದ್ಧತಿ ಇದೆ. ಮಕ್ಕಳು ಹೊರಗೆ ಆಡುವಾಗ ಟೀಚರ ಜೊತೆಗೆ ಮನೆಯವರೂ ಸರದಿಯ ಮೇಲೆ ಬಂದು ನಿಲ್ಲಬೇಕು. ಇಬ್ಬರು ದೊಡ್ಡವರು ಅಂಗಳದಲ್ಲಿ ನಿಂತರಷ್ಟೇ ಬಾಗಿಲು ತೆರೆಯುತ್ತದೆ. ಒಬ್ಬರು ಒಳಗೆ ಬಂದರೂ ಆಟ ಬಂದ್, ಎಲ್ಲ ಮಕ್ಕಳೂ ಒಳಗೆ. ಸವಿತಾಳ ಸರದಿ ಬಂದ ದಿನ ಅವಳಿಗೆ ಆಸ್ಪತ್ರೆಯ ಡ್ಯೂಟಿ. ನಾನು ಹೋಗುತ್ತೇನೆ ಎಂದೆ.

"ಅಪ್ಪಾಜಿ, ಚಪ್ಪಲ್ ಹಾಕ್ಕೊಂಡು ಹೋಗಬ್ಯಾಡ್ರಿ. ಅಲ್ಲಿ ಸುಮ್ನ ನಿಂದರಬೇಕಾಗತೈತಿ."

"ನಿಂದರೋದು ನನಗ ಕಲಸಬ್ಯಾಡವ್ವಾ. ಅದಕ್ಕ ನನಗ ಪೆನ್ಶನ್ ಕೊಡಾಕತ್ತಾರ."

ಟೀಚರ ಹೆಸರು ಜೆನ್, ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಒಂದೇ ಸೀಟಿಗೆ ಸಾವಿರ ಹುಡುಗರನ್ನು ನಿಲ್ಲಿಸಿದವನು ನಾನು ಎಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲಿ ಸೀಟಿ ಊದುವುದಿಲ್ಲ ಎಂದು ಅವಳು ನಯವಾಗಿ ಹೇಳಿದಳು.

ಬಾಗಿಲು ತೆರೆಯಿತು. ನಮ್ಮ ಕಡೆ ನಾಲ್ಕು ಹನಿ ಬಿದ್ದರೆ ತಾಯಂದಿರು ಮಕ್ಕಳ ಕಿವಿಗೆ ಅರಿವೆ ಸುತ್ತುತ್ತಾರೆ. ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಅಂಗಳವೆಲ್ಲ ರಂಗೋಲಿ ಪುಡಿ ಚೆಲ್ಲಿದಂತೆ ಬೆಳ್ಳಗಾಗಿತ್ತು. ಮಕ್ಕಳು ಅದರ ಮೇಲೆ ಕೂಗುತ್ತ ಓಡಿದರು. ಕೆಲವರು ಬೂಟು ಕಿತ್ತೆಸೆದು ಬರಿಗಾಲಲ್ಲೇ ಹೊರಟರು. ಕೆಸರಿನಲ್ಲಿ ಕುಳಿತು ತಟ್ಟೆ ತುಂಬ ಕೆಸರನ್ನೇ ಬಡಿಸಿಕೊಂಡರು. ಯಾರೂ ಯಾರನ್ನೂ ಬೈಯಲಿಲ್ಲ. ಬೈಯಲು ನನ್ನ ನಾಲಿಗೆ ಮಾತ್ರ ತುರಿಸುತ್ತಿತ್ತು.

ಆ ಮಕ್ಕಳದು ಒಂದು ಆಟ. ಹಿಂದಿನ ದಿನ ಬಟ್ಟಲಿನಲ್ಲಿ ನೀರು ತುಂಬಿ, ಅದರಲ್ಲಿ ಎಲೆಯನ್ನೋ ಹೂವನ್ನೋ ಬಿಟ್ಟು, ಬೇಲಿಯ ಬುಡದಲ್ಲಿ ಇಟ್ಟು ಹೋಗುತ್ತಾರೆ. ರಾತ್ರಿ ಕೊರೆದರೆ ಬೆಳಗ್ಗೆ ಅದು ಮಂಜುಗಡ್ಡೆಯ ಬಿಲ್ಲೆ. ಬಟ್ಟಲು ಕವುಚಿ ಬಿಲ್ಲೆ ತೆಗೆದು ಬಿಸಿಲಿಗೆ ಹಿಡಿದರೆ ಹೂವು ಗಾಜಿನೊಳಗೆ ಇದ್ದಂತೆ ಕಾಣುತ್ತದೆ. ಮಲ್ಲಿಕಾ ಮನೆಯಿಂದ ಅಜ್ಜಿಯ ಸ್ಟೀಲಿನ ವಾಟಿ ಒಯ್ದು, ಒಂದು ಕೆಂಪು ಹೂವು ಹಾಕಿ ಇಟ್ಟಿದ್ದಳು. ಉಳಿದವರು ತಮ್ಮ ತಮ್ಮ ಬಿಲ್ಲೆ ತೆಗೆದುಕೊಂಡರೂ ಅವಳು ತೆಗೆಯಲಿಲ್ಲ. ಅಜ್ಜ ಬಂದು ಕವುಚಿ ಕೊಡಬೇಕು ಎಂದು ಕಾದಳು.

ಅಜ್ಜ ಬರುವ ಸ್ಥಿತಿಯಲ್ಲಿರಲಿಲ್ಲ. ಡ್ರಿಲ್ ಮಾಸ್ತರನಾಗಿಯೂ ನಾನು ಒಂದು ಸಂಗತಿ ಮರೆತಿದ್ದೆ. ಮೈದಾನದಲ್ಲಿ ಮಕ್ಕಳು ಓಡುತ್ತಾರೆ, ಅವರ ಮೈ ಬಿಸಿಯಾಗುತ್ತದೆ. ಕಾಯುವವನು ನಿಂತಲ್ಲೇ ನಿಂತಿರುತ್ತಾನೆ. ಜಮಖಂಡಿಯ ಬಿಸಿಲಿನಲ್ಲಿ ಅದು ನನಗೆ ಲಾಭವಾಗಿತ್ತು, ಇಲ್ಲಿ ನೆಲ ಕೆಳಗಿನಿಂದ ನನ್ನನ್ನು ಹೀರುತ್ತಿತ್ತು. ಚಪ್ಪಲಿಯ ಉಂಗುಟದೊಳಗೆ ಹತ್ತಿಯ ಸಾಕ್ಸನ್ನು ಸೆಕ್ಕಿಕೊಂಡು ಹೆಬ್ಬೆರಳು ತುರುಕಿದ್ದೆ. ಮೊದಲು ಸೂಜಿ ಚುಚ್ಚಿದವು, ಆಮೇಲೆ ಉರಿಯಿತು, ಆಮೇಲೆ ಏನೂ ಇಲ್ಲ. ಎರಡು ಕಾಲೂ ಯಾರದೋ ಕಾಲಿನಂತೆ ಆದವು. ವಾಲಾಡುತ್ತ ಬಂದ ನನ್ನನ್ನು ಜೆನ್ ಹಿಡಿದುಕೊಂಡಳು, ನೀಲಿಗಟ್ಟಿದ ಬೆರಳು ನೋಡಿದಳು, ಮತ್ತು ಎಲ್ಲ ಮಕ್ಕಳನ್ನೂ ಒಳಗೆ ಕರೆದಳು.

ಬೇರೆ ಯಾರನ್ನೋ ಕರೆಸಿ ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಬಿಸಿಲು ಬೇಲಿ ದಾಟಿತ್ತು. ವಾಟಿಯಲ್ಲಿ ಬರೀ ನೀರು, ಅದರ ಮೇಲೆ ತೇಲುವ ಹೂವು.

ಮಲ್ಲಿಕಾಗೆ ನಾವು ಆಡುವ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಯೂ ಮೇಡ್ ಇಟ್ ಮೆಲ್ಟ್, ಅಜ್ಜಾ" ಎಂದಳು. ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ. ಅವತ್ತು ಊಟಕ್ಕೆ ನನ್ನ ತೊಡೆಯ ಮೇಲೆ ಕೂಡಲಿಲ್ಲ. ನನ್ನ ಬೆರಳು ಮುರಿದು ಜೋಡಿಸುವ ಮಂತ್ರ ತೋರಿಸಿದರೂ ನೋಡಲಿಲ್ಲ. ಇನ್ಸ್‌ಪೆಕ್ಟರುಗಳ ಬೈಗುಳವನ್ನು ಬೀಡಿಯ ಹೊಗೆಯಂತೆ ಬಿಟ್ಟವನು ನಾನು. ಆ ನಾಲ್ಕು ಶಬ್ದ ಮಾತ್ರ ಎದೆಯಿಂದ ಇಳಿಯಲಿಲ್ಲ.

"ಮುಂದಿನ ಸಲ ನಿನ್ನ ಬಿಲ್ಲೆ ನಿನ್ನ ಕೈಯಾಗ. ಅಜ್ಜನ ಮಾತು" ಎಂದೆ.

"ಯೂ ವಿಲ್ ಗೆಟ್ ಕೋಲ್ಡ್" ಎಂದಳು ಗೋಡೆಯ ಕಡೆ ನೋಡುತ್ತ.

ನಾವು ಊರಿಗೆ ಹೊರಡುವ ಮೊದಲು ಸವಿತಾಳ ಸರದಿ ಇನ್ನೆರಡೇ ಇದ್ದವು.

ಬೂಟಿನ ಅಂಗಡಿ

ಬೂಟು ಆರಿಸುವುದರಲ್ಲಿ ನನ್ನ ಬುದ್ಧಿವಂತಿಕೆ ಹೇಗೆ ಕೆಲಸ ಮಾಡಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಸರಿಯಾಗಿತ್ತು.

ಆ ದೇಶವೆಲ್ಲ ಹಾಕಿಕೊಳ್ಳುವುದು ಗಮ್‌ಬೂಟು, ರಬ್ಬರಿನದು. ನೀರಿಗೆ ಒಳ್ಳೆಯದು. ಆದರೆ ಒಳಗೆ ಕೈ ಹಾಕಿದರೆ ಬಾವಿಯೊಳಗೆ ಹಾಕಿದಂತೆ ತಣ್ಣಗೆ. ಬೇಡ ಎಂದೆ. ಗುಡ್ಡ ಹತ್ತುವವರ ಲೇಸಿನ ಬೂಟುಗಳು ನೋಡಲು ಮಿಲಿಟರಿ ಠೀವಿ. ಆದರೆ ಶಿಶುವಿಹಾರದಲ್ಲಿ ಹೊಸ್ತಿಲು ದಾಟುವ ಮುಂಚೆ ಬೂಟು ಬಿಚ್ಚಬೇಕು. ನಾನು ಬಗ್ಗಿ ಲೇಸು ಬಿಚ್ಚುವುದರೊಳಗೆ ಉಚ್ಚೆಗೆ ಅವಸರವಾದ ಮಗುವಿನ ಕೆಲಸ ಅಲ್ಲೇ ಮುಗಿದಿರುತ್ತದೆ. ಬೇಡ ಎಂದೆ. ಮೇಲೆ ತುಪ್ಪಳವಿದ್ದ ಚಂದದ ಜೋಡೊಂದನ್ನು ಸವಿತಾ ತೋರಿಸಿದಳು. ಅಡಿ ನೋಡಿದರೆ ರೊಟ್ಟಿಯ ಹಂಚಿನಷ್ಟು ನುಣುಪು. ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಅದನ್ನು ಹಾಕಿಕೊಂಡರೆ ಮಕ್ಕಳನ್ನು ನಾನು ಕಾಯುವುದಿರಲಿ, ನನ್ನನ್ನು ಮಕ್ಕಳು ಹೊತ್ತು ತರಬೇಕು.

ಕೊನೆಗೆ ಸಿಕ್ಕಿತು. ಮೇಲೆ ನೀರು ಇಳಿಯದ ಚರ್ಮದಂಥದ್ದು. ಒಳಗೆ ದಪ್ಪ ಅಸ್ತರು, ಒದ್ದೆಯಾದರೆ ಹೊರಗೆ ಎಳೆದು ಒಣಗಿಸಬಹುದು. ಅಡಿ ಟ್ರ್ಯಾಕ್ಟರ್ ಗಾಲಿಯಂತೆ ಗೀರುಗೀರು, ಮೇಲಾಗಿ ಒಳ್ಳೆ ದಪ್ಪ. ಹಿಂದೆ ಒಂದು ಕುಣಿಕೆ, ಬೆರಳು ತೂರಿಸಿ ಎಳೆದರೆ ಕಾಲು ಒಳಗೆ. ಇದೇ ಎಂದೆ. ಅಂಗಡಿಯ ಹುಡುಗಿಯೂ ಒಳ್ಳೆಯ ಆಯ್ಕೆ ಎಂದಳು. ಇಲ್ಲಿಯವರೆಗೆ ನಾನು ಸರಿ.

ಅಳತೆಯ ವಿಷಯ ಬಂತು. ದಪ್ಪ ಉಣ್ಣೆಯ ಸಾಕ್ಸು ಹಾಕಿ, ಬೆರಳು ಆಡುವಷ್ಟು ಜಾಗ ಬಿಟ್ಟು, ಒಂದು ಅಳತೆ ದೊಡ್ಡದು ಕೊಳ್ಳಿ ಎಂದಳು ಆ ಹುಡುಗಿ.

ನಾನು ನಕ್ಕೆ. ಸವಿತಾಗೆ ಹೇಳಿದೆ: "ಈ ಪೋರಿಗೆ ಅಥಣಿ ಗೊತ್ತಿಲ್ಲ."

ಅಥಣಿಯಲ್ಲಿ ಚಪ್ಪಲಿ ಕೊಳ್ಳುವಾಗ ಕಣ್ಣಲ್ಲಿ ನೀರು ಬರಬೇಕು. ಅಷ್ಟು ಬಿಗಿ. ಅಂಗಡಿಯ ಮುದುಕ ನನ್ನ ಹಿಮ್ಮಡಿಗೆ ಗುದ್ದಿ ಗುದ್ದಿ ತೊಡಿಸುತ್ತಿದ್ದ. ಮನೆಗೆ ತಂದು ಔಡಲೆಣ್ಣೆ ಹಚ್ಚಿ, ಒಂದು ವಾರ ಕುಂಟಿದರೆ, ಆಮೇಲೆ ಚರ್ಮ ಕಾಲಿಗೆ ತಕ್ಕಂತೆ ಬಿಡುತ್ತದೆ. ಸಡಿಲ ಚಪ್ಪಲಿ ಎಂದರೆ ಇನ್ನೊಬ್ಬರ ಚಪ್ಪಲಿ ಎಂದೇ ನಮ್ಮಲ್ಲಿ ಲೆಕ್ಕ.

ಸಡಿಲದ ಮೇಲೆ ನನಗೆ ಬೇರೆಯ ಸಿಟ್ಟೂ ಇತ್ತು. ಚಿಕ್ಕವನಿದ್ದಾಗ ಅವ್ವ ನನಗೆ ಕ್ಯಾನ್ವಾಸ್ ಶೂ ಕೊಡಿಸಿದಳು. ಬೆಳೆಯುವ ಕಾಲು ಎಂದು ಎರಡು ಬೆರಳು ದೊಡ್ಡದು ತಂದು, ತುದಿಗೆ ಹಳೆಯ ಸೀರೆಯ ಚಿಂದಿ ತುರುಕಿದಳು. ಶಾಲೆಯ ಓಟದ ಪಂದ್ಯದಲ್ಲಿ ಗೆರೆಯ ಹತ್ತಿರ ಬಂದಾಗ ಬಲಗಾಲಿನ ಶೂ ಹಾರಿ ನನ್ನ ಮುಂದೆ ಹೋಗಿ ಬಿತ್ತು. "ಶೂ ಎರಡನೇ ನಂಬರ್ ಬಂತು, ಹುಡುಗ ನಾಕನೇ ನಂಬರ್ ಬಂದ" ಎಂದು ಊರೆಲ್ಲ ನಕ್ಕರು. ಅವತ್ತೇ ಆಣೆ ಮಾಡಿದೆ, ದೊಡ್ಡವನಾದ ಮೇಲೆ ಸಡಿಲ ಮೆಟ್ಟು ಮೆಟ್ಟುವುದಿಲ್ಲ ಎಂದು.

ಹೀಗಾಗಿ, ಕಾಲನ್ನು ಹಿಡಿದು ಒತ್ತುವಂಥದ್ದನ್ನೇ ಆರಿಸಿದೆ. ಮನೆಗೆ ಬಂದು ಗೌರವ್ವ ತಲೆಗೆ ಹಚ್ಚಿಕೊಳ್ಳುವ ಔಡಲೆಣ್ಣೆಯನ್ನು ಬೂಟಿಗೆ ಸವರಿದೆ. ಅದು ಚರ್ಮದಂತೆ ಕಾಣುತ್ತಿತ್ತೇ ಹೊರತು ಚರ್ಮವಲ್ಲ. ಎಣ್ಣೆ ಒಳಗೆ ಇಳಿಯಲಿಲ್ಲ, ಸವಿತಾಳ ಜಮಖಾನಕ್ಕೆ ಇಳಿಯಿತು.

"ಅಪ್ಪಾಜಿ, ಅದೇನು ಕೂಸು ಅಲ್ಲ, ಎಣ್ಣಿ ಹಚ್ಚಿ ಎರಿಯಾಕ" ಎಂದಳು ಸವಿತಾ.

ಬಾಗಿಲ ಬಳಿಯ ಹಲಗೆ

ಎರಡನೆಯ ಸರದಿಯ ಹಿಂದಿನ ರಾತ್ರಿ ಮೋಡ ಕವಿದಿತ್ತು. ನೀರು ಹೆಪ್ಪುಗಟ್ಟಲಿಲ್ಲ. ಮಲ್ಲಿಕಾ ವಾಟಿಯನ್ನು ಇಣುಕಿ ನೋಡಿ, ನನ್ನ ಕಡೆ ನೋಡದೆ ಜೋಕಾಲಿಗೆ ಹೋದಳು. ನಾನು ಅಂಗಳದ ನಡುವೆ ನಿಂತೆ. ಹತ್ತಿಯ ಸಾಕ್ಸು ಎರಡು, ಮೇಲೆ ಉಣ್ಣೆಯದೊಂದು, ಅದರ ಮೇಲೆ ಬಿಗಿ ಬೂಟು. ಗುಮ್ಮಟದಂತೆ ಭದ್ರ. ಬೆರಳುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು, ಸಂತೆಯ ದಿನದ ಬಸ್ಸಿನಂತೆ. ಮತ್ತು, ಹೇಳಲು ನಾಚಿಕೆಯಾಗುತ್ತದೆ, ಚಪ್ಪಲಿಯಲ್ಲಿದ್ದಾಗಿನದಕ್ಕಿಂತ ಬೇಗ ಮರಗಟ್ಟಿದವು. ಮುಖದ ಮೇಲೆ ನಗೆ ಇಟ್ಟುಕೊಂಡು ಕೊಕ್ಕರೆಯಂತೆ ಒಂದೊಂದೇ ಕಾಲ ಮೇಲೆ ನಿಂತೆ. ಇನ್ನು ಸ್ವಲ್ಪ ಹೊತ್ತಾದರೆ ಮತ್ತೆ ಬಾಗಿಲು ಮುಚ್ಚಿಸುವವನು ನಾನೇ.

ಆಗ ಬಾಗಿಲ ಬಳಿಯ ಹಲಗೆಯ ಮೇಲೆ ಡೇವನ ಬೂಟು ಕಂಡವು. ಡೇವ್ ಎಂದರೆ ಒಬ್ಬ ಹುಡುಗಿಯ ಅಪ್ಪ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಹಿಂದೆ ಸಾಮಾನು ಹೇರುವ ತನ್ನ ಯೂಟ್ ಗಾಡಿಯಿಂದ ಸುತ್ತಿಗೆ ತಂದು, ಒಳಗೆ ಸಾಕ್ಸಿನಲ್ಲಿ ಕುಳಿತು ಮುರಿದ ಕಪಾಟು ರಿಪೇರಿ ಮಾಡುತ್ತಿದ್ದ. ಅವನ ಬೂಟುಗಳು ಎರಡು ಎಮ್ಮೆಗರುಗಳಂತೆ ಮಲಗಿದ್ದವು. ನನ್ನ ಕೈ ಸುಮ್ಮನಿರಲಿಲ್ಲ. ಜಮಖಂಡಿಯಲ್ಲಿ ಲಗ್ನದ ಹಂದರದ ಹೊರಗೆ ಬೀಗರ ಚಪ್ಪಲಿಗಳನ್ನು ಅದಲುಬದಲು ಮಾಡಿ, ಉಂಡು ಬಂದ ಯಜಮಾನರು ಒಂದು ಕೆಂಪು ಒಂದು ಕಪ್ಪು ಮೆಟ್ಟಿಕೊಂಡು ಗಂಭೀರವಾಗಿ ಹೋಗುವುದನ್ನು ನೋಡಿದವನು ನಾನು. ಆ ಹಂದರಗಳೂ ಈಗಿಲ್ಲ, ಆ ಯಜಮಾನರೂ ಇಲ್ಲ. ನೆನಪಾಗಿ ಕಾಲು ತಡೆಯಲಿಲ್ಲ. ನನ್ನ ಬೂಟು ಕಿತ್ತು, ಸಾಕ್ಸನ್ನೆಲ್ಲ ಕಿತ್ತು, ಉಣ್ಣೆಯದೊಂದನ್ನೇ ಮತ್ತೆ ಏರಿಸಿಕೊಂಡು ಡೇವನ ಬೂಟಿನೊಳಗೆ ಇಳಿದೆ. ಕರಡಿಯಂತೆ ಧಪ್ ಧಪ್ ಎಂದು ಅಂಗಳ ತುಂಬ ನಡೆದೆ. ಮಕ್ಕಳು ಕಿರುಚಿ ನಕ್ಕವು. ಮಲ್ಲಿಕಾ ನಗಲಿಲ್ಲ, ಆದರೆ ಜೋಕಾಲಿ ನಿಲ್ಲಿಸಿ ನೋಡಿದಳು.

ಅಷ್ಟರಲ್ಲಿ ಯಾವುದೋ ಮಗು ಮರ ಹತ್ತಿ ಇಳಿಯಲಾರದೆ ಅತ್ತಿತು. ಜೆನ್ ಅದರ ಹತ್ತಿರ ಹೋದಳು. ಉಳಿದವರನ್ನು ನೋಡಿಕೊಳ್ಳಲು ನಾನು ಅಲ್ಲೇ ನಿಲ್ಲಬೇಕಾಯಿತು. ಒಳ್ಳೆ ಹೊತ್ತು ನಿಂತೆ. ಆಮೇಲೆ ಅನಿಸಿತು, ಕಾಲಲ್ಲಿ ಏನೋ ಆಗುತ್ತಿದೆ. ಕೋಳಿ ಕಾವು ಕುಳಿತ ಬುಟ್ಟಿಯೊಳಗೆ ಕೈ ಹಾಕಿದರೆ ಇರುತ್ತದಲ್ಲ, ಅಂಥ ಬಿಸುಪು. ಬೆರಳು ಆಡಿಸಿದೆ. ಹತ್ತೂ ಆಡಿದವು. ಸುತ್ತಲಿನ ಖಾಲಿ ಜಾಗದಲ್ಲಿ ನನ್ನದೇ ಕಾವು ಕುಳಿತಿತ್ತು. ಬಿಗಿ ಬೂಟಿನಲ್ಲಿ ಅದಕ್ಕೆ ಕೂಡಲು ಜಾಗವೇ ಇರಲಿಲ್ಲ, ರಕ್ತಕ್ಕೂ ಹೋಗಿಬರಲು ದಾರಿ ಇರಲಿಲ್ಲ.

ಎರಡು ಬೆರಳು. ಅವ್ವ ಬಿಟ್ಟಿದ್ದ ಅದೇ ಎರಡು ಬೆರಳು.

ಡೇವ್ ಸಾಕ್ಸಿನಲ್ಲೇ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತ. ಅವನ ಇಂಗ್ಲಿಷನ್ನು ನಮ್ಮೂರಿನ ಮಾತಿಗೆ ತಂದರೆ ಹೀಗೆ:

"ಏನಜ್ಜಾ, ಬೂಟು ಹೆಂಗದಾವು?"

"ಒಳಗ ಚೇಳು ಗೀಳು ಅದಾವೇನು ಅಂತ ನೋಡಾಕತ್ತಿದ್ದೆ. ನಿನ್ನ ಸಲುವಾಗಿನ."

"ಛಲೋ ಆತು. ಇನ್ನ ಇಪ್ಪತ್ತು ವರ್ಷ ಬೆಳಿ, ಬರೋಬರಿ ಆಗ್ತಾವು."

ಇಷ್ಟು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದವರನ್ನು ಒಂದು ಕೈಯಲ್ಲಿ ಎಣಿಸಬಹುದು. ಡೇವನಿಗೆ ಅದರಲ್ಲಿ ಒಂದು ಬೆರಳು ಕೊಟ್ಟಿದ್ದೇನೆ.

ಮತ್ತೆ ಅಂಗಡಿ

ಎಣ್ಣೆ ಕುಡಿಸಿದ ಬೂಟನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ಮೂಲೆಯಲ್ಲಿ ಬಿದ್ದಿದ್ದವು. ಒಂದು ಬೆಳಗ್ಗೆ ನೋಡಿದರೆ ಗೌರವ್ವ ಇಳಕಲ್ಲ ಸೀರೆಯ ಕೆಳಗೆ ಅವನ್ನೇ ಹಾಕಿಕೊಂಡು ಹಿತ್ತಲಲ್ಲಿ ಅರಿವೆ ಹಾಕುತ್ತಿದ್ದಾಳೆ.

"ಉಣ್ಣಿ ಸಾಕ್ಸ್ ಹಾಕ್ಕೊಂಡ್ರೂ ಬೆರಳು ಆಡತಾವ್ರೀ. ನನಗ ಹೇಳಿ ಮಾಡಿಸಿದಂಗ ಅದಾವು."

"ನಿನ್ನ ಸಲುವಾಗಿನ ತಂದಿದ್ದೆ. ಮೊದಲ ಹೇಳಿದ್ರ ಬ್ಯಾಡಂತಿದ್ದಿ."

"ಹೌದ ಹೌದು. ಎಣ್ಣೀನೂ ನನ್ನ ಸಲುವಾಗಿನ ಹಚ್ಚಿದ್ರಿ" ಎಂದಳು, ಹಿಂತಿರುಗಿ ನೋಡದೆ.

ನಾನು ಅದೇ ಅಂಗಡಿಗೆ ಹೋಗಿ ಅದೇ ಥರದ ಬೂಟನ್ನು ದೊಡ್ಡ ಅಳತೆಯಲ್ಲಿ ಕೇಳಿದೆ. ದಪ್ಪ ಸಾಕ್ಸು ಹಾಕಿ, ಮುಂದೆ ಎರಡು ಬೆರಳು ಜಾಗ ಬಿಟ್ಟುಕೊಂಡೆ. ಅಂಗಡಿಯ ಹುಡುಗಿಗೆ ನನ್ನ ಗುರುತು ಸಿಕ್ಕಿತ್ತು. ತಮ್ಮನಿಗೆ ಎಂದು ಸುಳ್ಳು ಹೇಳಿದೆ. ತಮ್ಮ ಕೂಡ ನನ್ನಂತೆಯೇ ಇರಬೇಕು ಎಂದು ಅವಳು ಚೀಲಕ್ಕೆ ಹಾಕಿಕೊಟ್ಟಳು.

ಕೊನೆಯ ಸರದಿ

ಹೊರಡುವ ವಾರ ಬಂತು. ಆ ದೇಶದ ಚಳಿಯೂ ಹೊರಡುವ ತಯಾರಿಯಲ್ಲಿತ್ತು. ಬೇಲಿಯಾಚೆಯ ಗಿಡಗಳು ಚಿಗುರುತ್ತಿದ್ದವು. ಕೊನೆಯ ಸರದಿಯ ಹಿಂದಿನ ಸಂಜೆ ನಾನು ಹತ್ತು ಸಲ ಹೊರಗೆ ಬಂದು ಮುಗಿಲು ನೋಡಿದೆ. ನಮ್ಮೂರಿನಲ್ಲಿ ಮೋಡ ಬರಲಿ ಎಂದು ನೋಡುವವನು, ಇಲ್ಲಿ ಬರದಿರಲಿ ಎಂದು ನೋಡಿದೆ. ಚುಕ್ಕೆಗಳು ಕಂಡವು.

ಬೆಳಗ್ಗೆ ಅಂಗಳ ಬೆಳ್ಳಗಿತ್ತು. ಜೆನ್ ನನ್ನ ಕಾಲ ಕಡೆ ನೋಡಿದಳು. ನಾನು ಸೆಟೆದು ಸಲಾಮು ಹೊಡೆದೆ. ಬಾಗಿಲು ತೆರೆಯಿತು.

ಮಲ್ಲಿಕಾ ದಾರಿಯಲ್ಲೇ ಬೂಟು ಕಿತ್ತೆಸೆದು ಬೇಲಿಯ ಬುಡಕ್ಕೆ ಓಡಿದಳು. ನಾನು ಹಿಂದೆ ಹೋದೆ. ವಾಟಿಯ ಮೇಲೆ ಬೆರಳಿಂದ ಬಡಿದಳು. ಟಣ್ ಎಂದಿತು. ವಾಟಿಯನ್ನು ನನ್ನ ಎರಡೂ ಅಂಗೈಯಲ್ಲಿ ಹಿಡಿದು ಸ್ವಲ್ಪ ಕಾವು ಕೊಟ್ಟೆ. ಕವುಚಿದೆ. ಬಿಲ್ಲೆ ಜಾರಿ ಅವಳ ಕೈಗೆ ಬಂತು, ನಡುವೆ ಕೆಂಪು ಹೂವು, ಒಂದು ಎಸಳೂ ಮಡಚಿರಲಿಲ್ಲ. ಅದನ್ನು ಬಿಸಿಲಿಗೆ ಹಿಡಿದು, ಅದರೊಳಗಿಂದ ನನ್ನ ಮುಖ ನೋಡಿದಳು.

"ಅಜ್ಜಾ, ಯೂ ಹ್ಯಾವ್ ತ್ರೀ ಐಜ್."

"ಮೂರು ಕಣ್ಣು ಮೊದಲಿಂದ ಅದಾವು. ನಿಮ್ಮಜ್ಜಿಗೆ ಹೇಳಬ್ಯಾಡ."

ಅಂತೂ ನಕ್ಕಳು. ಬಿಲ್ಲೆಯನ್ನು ಎಲ್ಲರಿಗೂ ತೋರಿಸಿ ಬರಬೇಕೆಂದು ಎರಡು ಹೆಜ್ಜೆ ಇಟ್ಟಳು. ಆಗ ಅವಳಿಗೆ ತನ್ನ ಕಾಲು ನೆನಪಾಯಿತು. ಒಂದರ ಮೇಲೊಂದು ಇಟ್ಟು ಕುಣಿದಳು. ಬೂಟು ದೂರ ಬಿದ್ದಿದ್ದವು. ಸುತ್ತ ನೋಡಿದಳು, ನನ್ನ ಬೂಟು ನೋಡಿದಳು, ಬಂದು ಅವುಗಳ ಮೂತಿಯ ಮೇಲೆ ಹತ್ತಿ ನಿಂತಳು. ಬೆನ್ನು ನನಗೆ, ಬಿಲ್ಲೆ ಬಿಸಿಲಿಗೆ.

ಜಮಖಂಡಿಯಲ್ಲಿ ಶಿವರಾತ್ರಿ ಕಳೆದರೆ ಮೈದಾನ ಕಾದ ಹಂಚು. ಚಪ್ಪಲಿ ಇಲ್ಲದ ಸಣ್ಣ ಮಕ್ಕಳು ಪ್ರಾರ್ಥನೆಗೆ ನಿಂತಾಗ ಹೀಗೆಯೇ ಕುಣಿಯುತ್ತಿದ್ದರು. ಸಾಲಿನ ಮುಂದಿದ್ದ ಒಂದೊಂದು ಮಗು ಮೆಲ್ಲಗೆ ಸರಿದು ಬಂದು ನನ್ನ ಬಿಳಿ ಕ್ಯಾನ್ವಾಸ್ ಶೂಗಳ ಮೇಲೆ ಹತ್ತಿ ಕೈ ಮುಗಿಯುತ್ತಿತ್ತು. ನನ್ನ ಶೂ ಬಿಗಿ. ಪ್ರಾರ್ಥನೆ ಮುಗಿಯುವವರೆಗೆ ಬೆರಳು ಜಜ್ಜಿ ಹೋಗುತ್ತಿದ್ದವು, ನಾನು ಮುಖ ಅಲುಗಿಸದೆ ಅಟೆನ್ಶನ್ನಿನಲ್ಲಿ ನಿಲ್ಲುತ್ತಿದ್ದೆ. ಯಾವ ಮಗು ಎಷ್ಟು ಭಾರವಿತ್ತು ಎಂದು ಈಗ ಕೇಳಿದರೂ ಹೇಳುತ್ತೇನೆ. ಅವರಲ್ಲಿ ಕೆಲವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ.

ಮಲ್ಲಿಕಾಳನ್ನು ಹೊತ್ತುಕೊಂಡು ಅಂಗಳವನ್ನು ಒಂದು ಸುತ್ತು ಹಾಕಿದೆ. ಅವಳು ನಿಂತದ್ದು ಬೂಟಿನ ಮುಂದಿನ ಖಾಲಿ ಜಾಗದ ಮೇಲೆ, ಅವ್ವನ ಆ ಎರಡು ಬೆರಳಿನ ಮೇಲೆ. ಭಾರವೇ ಗೊತ್ತಾಗಲಿಲ್ಲ. ಹೀಗಾಗಿ ಹೆಜ್ಜೆಗೊಮ್ಮೆ ಬಗ್ಗಿ ನೋಡಬೇಕಾಯಿತು, ಇದ್ದಾಳೋ ಇಳಿದು ಹೋದಳೋ ಎಂದು.

ಇದ್ದಳು.